ಮಾತು ಕಿವಿಗೆ ಮುಟ್ಟಬೇಕು
ಮನೆಯಲ್ಲಿ ಕೇಳುವುದಕ್ಕೆ ತಕ್ಕ ಸಣ್ಣ ಧ್ವನಿಪೆಟ್ಟಿಗೆಗಳ ಆಯ್ಕೆ ಮತ್ತು ಅಳವಡಿಕೆ

ಶ್ರವಣವು ಅರಿವಿನ ಮೊದಲನೆಯ ಬಾಗಿಲು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ತಾಯಿಯ ಬಾಯಿಂದ ಮಗುವಿನ ಕಿವಿಗೆ ಇಳಿದು ಬಂದದ್ದೇ ನಮ್ಮ ನಾಡಿನ ವಿದ್ಯೆಯ ಬಹುಪಾಲು. ಮೊದಲು ಕೇಳಬೇಕು, ಕೇಳಿದ್ದನ್ನು ಮೆಲುಕು ಹಾಕಬೇಕು, ಆಮೇಲೆ ಅದು ಬಾಳಿನಲ್ಲಿ ಬೆರೆಯಬೇಕು ಎಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಆದರೆ ಕಿವಿಗೆ ಬೀಳುವ ಮಾತೇ ಮಸುಕಾಗಿದ್ದರೆ ಮುಂದಿನ ಮೆಟ್ಟಿಲುಗಳನ್ನು ಏರುವುದೆಂತು? ಧ್ವನಿಪೆಟ್ಟಿಗೆಯಂತಹ ಲೌಕಿಕ ವಸ್ತುವಿನ ಬಗ್ಗೆ ಈ ಪುಟಗಳಲ್ಲಿ ಬರೆಯಲು ಹೊರಟಿರುವುದಕ್ಕೆ ಓದುಗ ಬಂಧುಗಳು ಆಶ್ಚರ್ಯಪಡಬಹುದು. ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ ನಮ್ಮನ್ನು ಈ ಬರವಣಿಗೆಗೆ ಪ್ರೇರೇಪಿಸಿತು. ಅದನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇವೆ.

ನಮ್ಮ ತಾಯಿಯವರಿಗೆ ಆಗ ಎಂಬತ್ತೆಂಟು ವರ್ಷ. ಚಾಮರಾಜಪೇಟೆಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಪ್ರತಿ ಸೋಮವಾರ ಸಂಜೆ ಪೂಜೆ ಮುಗಿದ ಮೇಲೆ ವಚನ ಗಾಯನವನ್ನು ಕೇಳುವುದು ಅವರು ದಶಕಗಳಿಂದ ನಡೆಸಿಕೊಂಡು ಬಂದ ನಿಯಮ. ಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರ್, ತರುವಾಯ ಸೀಡಿ, ಹೀಗೆ ಯಂತ್ರಗಳು ಬದಲಾದರೂ ನಿಯಮ ಬದಲಾಗಲಿಲ್ಲ. ಹಳೆಯ ಯಂತ್ರ ಕೆಟ್ಟಾಗ ನಮ್ಮ ಕಿರಿಯ ಮಗ ಅಜ್ಜಿಗೆಂದು ಪ್ರೀತಿಯಿಂದ, ಸಾಕಷ್ಟು ಹಣ ತೆತ್ತು, ದೊಡ್ಡದೊಂದು ಸೆಟ್ಟನ್ನು ತಂದನು. ನೆಲದ ಮೇಲೆ ಕೂರುವ ಭಾರಿ ವೂಫರ್ ಪೆಟ್ಟಿಗೆ ಒಂದು, ಸುತ್ತ ಇಡುವ ಪುಟ್ಟ ಪೆಟ್ಟಿಗೆಗಳು ಐದು. ಅಂಗಡಿಯವರು ಹೇಳಿದಂತೆ ದೊಡ್ಡ ಪೆಟ್ಟಿಗೆಯನ್ನು ಪಡಸಾಲೆಯ ಮೂಲೆಗೆ ಸೇರಿಸಿದ್ದಾಯಿತು. ತಬಲೆಯ ಎಡಗೈ ಪೆಟ್ಟಿಗೆ ಕಿಟಕಿಯ ಗಾಜು ಅದುರಿತು. ಮೊಮ್ಮಕ್ಕಳು ಚಪ್ಪಾಳೆ ತಟ್ಟಿದರು.

ಅವ್ವ ಮಾತ್ರ ಎರಡು ಸೋಮವಾರ ಕುಳಿತು ಕೇಳಿ, "ಬರೀ ಗುಡುಗಿದ ಹಾಗಿದೆಯಪ್ಪ, ಮಾತೇ ತಿಳಿಯೋದಿಲ್ಲ" ಎಂದರು. ನಾವು ಸದ್ದನ್ನು ಹೆಚ್ಚಿಸಿದೆವು. ಅವರು ತಲೆಯಾಡಿಸಿದರು. ಇನ್ನಷ್ಟು ಹೆಚ್ಚಿಸಿದೆವು. ಮೂರನೆಯ ಸೋಮವಾರ ಅವರು ಪೂಜೆ ಮುಗಿಸಿದವರೇ ತಮ್ಮ ಕೋಣೆಗೆ ಹೋಗಿ ಮಲಗಿದರು. "ವಯಸ್ಸಾಯಿತು, ಕಿವಿ ಹೋಯಿತು" ಎಂದು ನಾವೆಲ್ಲರೂ ತೀರ್ಮಾನಿಸಿಬಿಟ್ಟೆವು. ಹೀಗೆಯೇ ನಾಲ್ಕು ತಿಂಗಳು ಕಳೆದವು.

ಅನಂತರ ಒಂದು ದಿನ ಮಲ್ಲೇಶ್ವರದ ನೆಂಟರ ಮನೆಗೆ ನಾಮಕರಣಕ್ಕೆಂದು ಅವರನ್ನು ಕರೆದೊಯ್ದಿದ್ದೆವು. ಆ ಮನೆಯ ಯಜಮಾನರು ನಿವೃತ್ತ ಇಂಜಿನಿಯರು. ಅವರ ಕೋಣೆಯ ಪುಸ್ತಕದ ಕಪಾಟಿನ ಬಳಿ, ಎರಡು ಮೊಳಕಾಲೆತ್ತರದ ಪೀಠಗಳ ಮೇಲೆ, ಒಂದೊಂದು ಅಡಿ ಎತ್ತರದ ಎರಡು ಮರದ ಪೆಟ್ಟಿಗೆಗಳಿದ್ದವು. ಸದ್ದು ಅಷ್ಟೇನೂ ಹೆಚ್ಚಿರಲಿಲ್ಲ. ಪಕ್ಕದಲ್ಲಿ ಕುಳಿತವರೊಡನೆ ಸಲೀಸಾಗಿ ಮಾತನಾಡಬಹುದಾಗಿತ್ತು. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ ನಡೆಯುತ್ತಿತ್ತು. ನಮ್ಮ ತಾಯಿಯವರು ಗೋಡೆಗೊರಗಿ ಕುಳಿತವರು, ಗಾಯಕರು ಸಾಲನ್ನು ಮುಗಿಸುವ ಮೊದಲೇ ತಾವು ತುಟಿಯಾಡಿಸಿ ಮುಗಿಸುತ್ತಿದ್ದುದನ್ನು ಕಂಡೆವು. ಅವರ ಕಿವಿ ಹೋಗಿರಲಿಲ್ಲ. ನಾವೇ ತಪ್ಪು ಯಂತ್ರವನ್ನು ತಪ್ಪು ಜಾಗದಲ್ಲಿಟ್ಟು, ಅದರ ದೋಷವನ್ನು ಮುಪ್ಪಿನ ಮೇಲೆ ಹೊರಿಸಿದ್ದೆವು. ಆ ದಿನ ನಮಗಾದ ನಾಚಿಕೆಯನ್ನು ಬರೆದು ಹೇಳಲಾಗದು. ಆ ಬಳಿಕ ಈ ವಿದ್ಯೆಯನ್ನು ತಿಳಿದವರ ಬಳಿ ಕೇಳಿ, ಪುಸ್ತಕಗಳನ್ನು ಓದಿ, ಕೈಯಾರೆ ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ನಿರೂಪಿಸುತ್ತೇವೆ.

ಕಣ್ಣಿಗೆ ಬಂದ ವಚನ, ಕಿವಿಗೆ ಬಂದ ವಚನ

ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಪ್ರಕಟಿಸಿ, ತಾಳೆಗರಿಯಲ್ಲಿದ್ದ ವಚನಗಳನ್ನು ನಮ್ಮ ಕಣ್ಣಿಗೆ ತಂದರು. ಅದೇ ಶತಮಾನದಲ್ಲಿ ಅವುಗಳನ್ನು ಮನೆಮನೆಯ ಕಿವಿಗೆ ತಂದವು ಧ್ವನಿಮುದ್ರಿಕೆ ಮತ್ತು ಬಾನುಲಿ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆ ಧ್ವನಿಮುದ್ರಣಗೊಂಡಿತು; ಆ ಮಹಾಗಾಯಕಿ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದಲೇ. ಧಾರವಾಡದ ಕೇಂದ್ರ 1950ರಲ್ಲಿ, ಬೆಂಗಳೂರಿನ ಕೇಂದ್ರ 1955ರಲ್ಲಿ ಆರಂಭವಾದವು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಹಿರಿಯರು ವಚನವನ್ನು ರಾಗದಲ್ಲಿ ಕೂರಿಸಿ ಹಾಡಿದುದನ್ನು ಈ ಕೇಂದ್ರಗಳು ನಾಡಿಗೆಲ್ಲ ಹಂಚಿದವು.

1970ರ ದಶಕದಲ್ಲಿ ನಾವು ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ, ಕಚೇರಿಯ ಗೂಡಿನಲ್ಲಿ ಒಂದು ಹಳೆಯ ವಾಲ್ವ್ ರೇಡಿಯೋ ಇತ್ತು. ಒಂದೇ ಒಂದು ಸ್ಪೀಕರು, ಮರದ ಪೆಟ್ಟಿಗೆ, ಮುಂದೆ ಬಟ್ಟೆಯ ಪರದೆ. ಅದರಲ್ಲಿ ಗುಡುಗೂ ಇರಲಿಲ್ಲ, ಮಿಂಚೂ ಇರಲಿಲ್ಲ. ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಆ ಹಳೆಯ ಪೆಟ್ಟಿಗೆ ಎಲ್ಲ ವಿಧದಲ್ಲಿಯೂ ಶ್ರೇಷ್ಠವೆಂದು ನಾವು ಹೇಳುವುದಿಲ್ಲ. ಮಾತು ತಿಳಿಯುವುದಕ್ಕೆ ಆರ್ಭಟ ಬೇಕಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗಿತ್ತು, ಅಷ್ಟೆ.

ಸಣ್ಣ ಪೆಟ್ಟಿಗೆಯ ಗುಟ್ಟು

ಪುಸ್ತಕದ ಕಪಾಟಿನಲ್ಲಿ ಹಿಡಿಸುವಷ್ಟು ಗಾತ್ರದ ಪೆಟ್ಟಿಗೆಗಳನ್ನು ಬುಕ್‌ಶೆಲ್ಫ್ ಸ್ಪೀಕರ್ ಎಂದು ಕರೆಯುತ್ತಾರೆ. ಒಂದು ಕಾಲದಲ್ಲಿ ಮಂದ್ರ ಸ್ವರಗಳು ಚೆನ್ನಾಗಿ ಕೇಳಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕು ಎಂಬ ನಂಬಿಕೆಯಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು, ಭದ್ರವಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಂಡು ಮಂದ್ರವನ್ನು ಹೊರಡಿಸಬಹುದೆಂದು ತೋರಿಸಿದರು. 1970ರ ದಶಕದಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ಬಾನುಲಿ ಸಂಸ್ಥೆಯ ಇಂಜಿನಿಯರುಗಳು ತಮ್ಮ ಪ್ರಸಾರದ ವಾಹನಗಳಲ್ಲಿ ಬಳಸುವುದಕ್ಕಾಗಿ ಕೇವಲ ಒಂದು ಅಡಿ ಎತ್ತರದ ಪೆಟ್ಟಿಗೆಯನ್ನು ರೂಪಿಸಿದರು. ಅಂತಹ ಪೆಟ್ಟಿಗೆಗಳನ್ನು ಪರೀಕ್ಷಿಸಲು ಅವರು ನೆಚ್ಚಿಕೊಂಡಿದ್ದ ಒರೆಗಲ್ಲು ಯಾವುದೆಂದರೆ ಮನುಷ್ಯನ ಮಾತು. ಪರಿಚಿತ ವ್ಯಕ್ತಿಯ ಧ್ವನಿ ಎದುರಿಗೆ ನಿಂತು ನುಡಿದಂತೆಯೇ ಕೇಳಿಸಿದರೆ ಆ ಪೆಟ್ಟಿಗೆ ಸಾಚಾ. ವಚನವನ್ನು, ಕೀರ್ತನೆಯನ್ನು, ಪ್ರವಚನವನ್ನು ಕೇಳುವ ನಮ್ಮಂತಹ ಮನೆಗಳಿಗೆ ಇದಕ್ಕಿಂತ ತಕ್ಕ ಒರೆಗಲ್ಲು ಇನ್ನೊಂದಿಲ್ಲ.

ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಎರಡು ಸ್ಪೀಕರುಗಳಿರುತ್ತವೆ. ಕೆಳಗಿನ ದೊಡ್ಡದು ವೂಫರ್. ಮಂದ್ರವನ್ನೂ ಮಧ್ಯವನ್ನೂ ಅದು ನುಡಿಸುತ್ತದೆ. ಮೇಲಿನ ಪುಟ್ಟ ಗುಮ್ಮಟದಂತಹದು ಟ್ವೀಟರ್. ತಾರ ಧ್ವನಿಗಳು ಅದರ ಪಾಲು. ಯಾವ ಧ್ವನಿ ಯಾರ ಪಾಲಿಗೆ ಎಂದು ಹಂಚಿಕೊಡುವ ಒಳಗಿನ ಮಂಡಲಕ್ಕೆ ಕ್ರಾಸೋವರ್ ಎಂದು ಹೆಸರು. ಈ ಹಂಚಿಕೆ ನ್ಯಾಯವಾಗಿದ್ದರೆ ಎರಡು ಬಾಯಿಗಳು ಒಂದೇ ಬಾಯಿಯಂತೆ ನುಡಿಯುತ್ತವೆ.

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಮತ್ತು ಮಧ್ಯದ ಕಂಪನಗಳಲ್ಲಿದೆ. ಆದರೆ ಸ, ಶ, ತ, ಕ ಮೊದಲಾದ ವ್ಯಂಜನಗಳನ್ನು ಒಂದರಿಂದೊಂದು ಬೇರ್ಪಡಿಸಿ ತಿಳಿಯುವ ಗುರುತುಗಳು ಬಹುಮಟ್ಟಿಗೆ ಎರಡು ಸಾವಿರ ಹರ್ಟ್ಸ್‌ಗಿಂತ ಮೇಲಿವೆ. ಮುಪ್ಪಿನಲ್ಲಿ ಮೊದಲು ಕುಂದುವುದು ಈ ಮೇಲಿನ ಕಂಪನಗಳನ್ನು ಗ್ರಹಿಸುವ ಶಕ್ತಿಯೇ. ಅಲ್ಲದೆ, ಜೋರಾದ ಮಂದ್ರಧ್ವನಿ ತನಗಿಂತ ಮೇಲಿನ ಸೂಕ್ಷ್ಮ ಧ್ವನಿಗಳನ್ನು ಕಿವಿಯಲ್ಲಿಯೇ ಮುಚ್ಚಿಬಿಡುತ್ತದೆ. ಆದುದರಿಂದ ವೃದ್ಧರು "ಕೇಳಿಸುತ್ತದೆ, ತಿಳಿಯುವುದಿಲ್ಲ" ಎಂದರೆ ಅದು ಅಕ್ಷರಶಃ ಸತ್ಯ. ಆಗ ನಾವು ಸದ್ದನ್ನು ಹೆಚ್ಚಿಸಿದರೆ ಗುಡುಗು ಹೆಚ್ಚುತ್ತದೆಯೇ ಹೊರತು ಮಾತು ಹೆಚ್ಚುವುದಿಲ್ಲ. ನಮ್ಮ ಪಡಸಾಲೆಯಲ್ಲಿ ನಡೆದದ್ದು ಇದೇ.

ಸಂಗೀತದ ಸೂಕ್ಷ್ಮಕ್ಕೂ ಈ ಮಾತು ಸಲ್ಲುತ್ತದೆ. ಮಲ್ಲೇಶ್ವರದಲ್ಲಿ ನೆಲೆಸಿದ್ದ ಸರ್ ಸಿ.ವಿ. ರಾಮನ್ ಅವರು, ನಮ್ಮ ಮೃದಂಗ ಮತ್ತು ತಬಲೆಗಳ ಮುಚ್ಚಿಗೆಗೆ ಹಚ್ಚುವ ಕರಣೆಯಿಂದಾಗಿ ಅವು ಬೇರೆ ಚರ್ಮವಾದ್ಯಗಳಂತೆ ಬರಿಯ ಸದ್ದು ಮಾಡದೆ ಶ್ರುತಿಬದ್ಧವಾದ ಉಪಸ್ವರಗಳನ್ನು ಹೊರಡಿಸುತ್ತವೆ ಎಂಬುದನ್ನು ಶೋಧಿಸಿ 1920ರಲ್ಲಿಯೇ ಪ್ರಕಟಿಸಿದ್ದರು. ಎಲ್ಲವನ್ನೂ ದಡದಡ ಎನ್ನಿಸುವ ಪೆಟ್ಟಿಗೆ ಆ ಕುಶಲತೆಯನ್ನು ಅಳಿಸಿಬಿಡುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು

ಬಸವನಗುಡಿ, ಚಾಮರಾಜಪೇಟೆಗಳ ಜನರಿಗೆ ಎಸ್.ಪಿ. ರಸ್ತೆ ದೂರದ್ದಲ್ಲ. ಎಲೆಕ್ಟ್ರಾನಿಕ್ ಸಾಮಾನಿಗೆ ಹೆಸರಾದ ಆ ಬೀದಿಯಲ್ಲಿ ತಂತಿಯ ತುಂಡಿನಿಂದ ಹಿಡಿದು ಇಡೀ ಸೆಟ್ಟಿನವರೆಗೆ ಸಿಗುತ್ತದೆ. ಈಗ ಮನೆಯಲ್ಲಿಯೇ ಕುಳಿತು ತರಿಸಿಕೊಳ್ಳುವ ಅನುಕೂಲವೂ ಇದೆ. ಎಲ್ಲಿ ಕೊಂಡರೂ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳಿತು.

ಮೊದಲನೆಯದು, ವ್ಯಾಟ್‌ಗಳ ಮೋಹ. ಪೆಟ್ಟಿಗೆಯ ಮೇಲೆ ಪಿ.ಎಂ.ಪಿ.ಒ. ಎಂಬ ನಾಲ್ಕಕ್ಷರದ ಮುಂದೆ ಸಾವಿರಾರು ವ್ಯಾಟ್ ಎಂದು ಅಚ್ಚು ಹಾಕುವ ಚಾಳಿ ಟೇಪ್ ರೆಕಾರ್ಡರ್ ಕಾಲದಿಂದಲೂ ಇದೆ. ಆ ಅಂಕಿಗೆ ಅರ್ಥವಿಲ್ಲ. ಆರ್.ಎಂ.ಎಸ್. ಎಂದು ಬರೆದಿರುವ ಅಂಕಿಯನ್ನು ಮಾತ್ರ ನೋಡಬೇಕು. ಮನೆಗೆ ಎಷ್ಟು ಬೇಕು? ಲೆಕ್ಕ ಸರಳವಾಗಿದೆ. ಸಾಧಾರಣ ಪೆಟ್ಟಿಗೆಯೊಂದು ಒಂದು ವ್ಯಾಟ್ ಶಕ್ತಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 86 ಡೆಸಿಬಲ್ ಸದ್ದು ಮಾಡುತ್ತದೆ. ಎರಡೂವರೆ ಮೀಟರ್ ದೂರದಲ್ಲಿ ಅದು ಸುಮಾರು 8 ಡೆಸಿಬಲ್ ಇಳಿಯುತ್ತದೆ. ಜೋಡಿಯಾಗಿರುವುದರಿಂದ 3 ಡೆಸಿಬಲ್ ಏರುತ್ತದೆ. ಅಂದರೆ ಒಂದೊಂದು ಪೆಟ್ಟಿಗೆಗೆ ಒಂದೇ ವ್ಯಾಟ್ ಕೊಟ್ಟರೂ 81 ಡೆಸಿಬಲ್! ನಾವು ನೆಮ್ಮದಿಯಾಗಿ ಕೇಳುವ ಮಟ್ಟ 65ರಿಂದ 70. ತಬಲೆಯ ಪೆಟ್ಟು, ಗಾಯಕರ ತಾರಸ್ಥಾಯಿಯ ಏರು ಮೊದಲಾದವಕ್ಕೆ ಧಾರಾಳವಾಗಿ ಅವಕಾಶ ಬಿಟ್ಟರೂ 20ರಿಂದ 30 ವ್ಯಾಟ್ ಇದ್ದರೆ ಮಧ್ಯಮ ಗಾತ್ರದ ಕೋಣೆಗೆ ಯಥೇಚ್ಛವಾಯಿತು.

ಎರಡನೆಯದು, ಆಂಪ್ಲಿಫೈಯರ್ ಒಳಗೇ ಇರುವುದೋ ಹೊರಗಿರುವುದೋ ಎಂಬ ಆಯ್ಕೆ. ಒಳಗೇ ಇರುವ ಜೋಡಿಗೆ ಆಕ್ಟಿವ್ ಅಥವಾ ಪವರ್ಡ್ ಎನ್ನುತ್ತಾರೆ. ಪ್ಲಗ್ಗಿಗೆ ಸಿಕ್ಕಿಸಿ, ಮೊಬೈಲನ್ನೋ ದೂರದರ್ಶನವನ್ನೋ ಸೀಡಿ ಯಂತ್ರವನ್ನೋ ಜೋಡಿಸಿದರೆ ಮುಗಿಯಿತು. ಮೊದಲ ಬಾರಿಗೆ ಕೊಳ್ಳುವ ಸಂಸಾರಗಳಿಗೆ ಇದೇ ಹಗುರ; ಇಂತಹ ಒಪ್ಪವಾದ ಜೋಡಿ ಸುಮಾರು 8,000ದಿಂದ 15,000 ರೂಪಾಯಿಗಳೊಳಗೆ ದೊರೆಯುತ್ತದೆ. ಬೇರೆ ಆಂಪ್ಲಿಫೈಯರ್ ಬೇಕಾದ ಜೋಡಿಗೆ ಪ್ಯಾಸಿವ್ ಎಂದು ಹೆಸರು. ಒಟ್ಟು ಖರ್ಚು ಹೆಚ್ಚಾದರೂ ಒಂದು ಕೆಟ್ಟರೆ ಇನ್ನೊಂದನ್ನು ಉಳಿಸಿಕೊಳ್ಳಬಹುದು. ವರ್ಷಗಳ ಬಳಿಕ ಒಂದೊಂದಾಗಿ ಬದಲಾಯಿಸಬಹುದು. ಪೆಟ್ಟಿಗೆಯ ಮೇಲೆ 8 ಓಮ್, 6 ಓಮ್, 4 ಓಮ್ ಎಂದಿರುತ್ತದೆ. ಆಂಪ್ಲಿಫೈಯರ್ ಎಷ್ಟು ಓಮ್‌ವರೆಗೆ ತಾಳುತ್ತದೆಂದು ಅದರ ಹಿಂಬದಿಯಲ್ಲಿ ಬರೆದಿರುವುದನ್ನು ನೋಡಿಯೇ ಜೋಡಿಸಬೇಕು.

ಮೂರನೆಯದು, ವೂಫರಿನ ಗಾತ್ರ. ನಾಲ್ಕು ಇಂಚಿನದು ಚಿಕ್ಕ ಕೋಣೆಗೆ, ಐದು ಅಥವಾ ಐದೂಕಾಲು ಇಂಚಿನದು ಪಡಸಾಲೆಗೆ ಸಾಕು. ಪುರುಷ ಗಾಯಕರ ತಂಬೂರಿಯ ಮಂದ್ರ ಷಡ್ಜ ಸುಮಾರು 65ರಿಂದ 70 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಒಳ್ಳೆಯ ಐದು ಇಂಚಿನ ವೂಫರ್ ಅಲ್ಲಿಯವರೆಗೆ ಇಳಿಯಬಲ್ಲದು. ನಮ್ಮ ಸಂಗೀತಕ್ಕೆ ಅದಕ್ಕಿಂತ ಕೆಳಗಿನ ಪಾತಾಳದ ಅಗತ್ಯ ವಿರಳ.

ನಾಲ್ಕನೆಯದು, ಗಾಳಿಕಿಂಡಿ. ಬಹುತೇಕ ಪೆಟ್ಟಿಗೆಗಳಿಗೆ ಮಂದ್ರವನ್ನು ಹಿಗ್ಗಿಸಲು ಒಂದು ಕೊಳವೆಯ ಕಿಂಡಿ ಇರುತ್ತದೆ. ಅದು ಹಿಂದುಗಡೆ ಇದ್ದರೆ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡುವಂತಿಲ್ಲ. ಕಪಾಟಿನೊಳಗೇ ಇಡುವುದು ಅನಿವಾರ್ಯವಾದರೆ ಕಿಂಡಿ ಮುಂದುಗಡೆ ಇರುವುದನ್ನೋ, ಕಿಂಡಿಯೇ ಇಲ್ಲದ್ದನ್ನೋ ಆರಿಸಿಕೊಳ್ಳಬೇಕು.

ಹಳೆಯದನ್ನು ಕೊಳ್ಳುವವರು ವೂಫರಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಬೇಕು. ಅಂಚು ಫೋಮಿನದಾಗಿದ್ದರೆ ಹತ್ತು ಹದಿನೈದು ವರ್ಷಗಳಲ್ಲಿ ಪುಡಿಯಾಗುತ್ತದೆ. ರಬ್ಬರಿನದು ಹೆಚ್ಚು ಬಾಳುತ್ತದೆ.

ಎಲ್ಲಕ್ಕಿಂತ ಮಿಗಿಲಾದ ಸೂಚನೆ ಇದು: ಅಂಗಡಿಯವರು ಹಾಕುವ ಅಬ್ಬರದ ಹಾಡಿಗೆ ಮರುಳಾಗಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಮೂರು ಮುದ್ರಿಕೆಗಳನ್ನು ಕೊಂಡೊಯ್ಯಿರಿ: ಪರಿಚಿತ ಧ್ವನಿಯ ಒಂದು ಪ್ರವಚನ, ತಂಬೂರಿಯೊಡನೆ ಒಂದು ಗಾಯನ, ತಬಲೆ ಅಥವಾ ಮೃದಂಗದ ಒಂದು ತುಣುಕು. ಮೆಲ್ಲನೆಯ ಸದ್ದಿನಲ್ಲಿಯೇ ಕೇಳಿರಿ. ಮಾತು ಮೂಗಿನಿಂದ ಬಂದಂತಿದೆಯೇ, ಡಬ್ಬಿಯೊಳಗಿನಿಂದ ಬಂದಂತಿದೆಯೇ? ತಂಬೂರಿಯ ತಂತಿಗಳು ನಾಲ್ಕಾಗಿ ಕೇಳುತ್ತವೆಯೇ, ಒಂದೇ ಗುಂಯ್‌ಗುಟ್ಟುವಿಕೆಯಾಗಿ ಕಲಸಿಹೋಗುತ್ತವೆಯೇ? ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆದೊಯ್ಯಿರಿ. ಯಾರಿಗಾಗಿ ಕೊಳ್ಳುತ್ತೇವೆಯೋ ಅವರನ್ನೇ ಮನೆಯಲ್ಲಿ ಬಿಟ್ಟು ಹೋಗಿ ಕೊಂಡದ್ದು ನಾವು ಮಾಡಿದ ಮೊದಲ ತಪ್ಪು.

ಎಲ್ಲಿಡಬೇಕು, ಹೇಗಿಡಬೇಕು

ಪೆಟ್ಟಿಗೆಗೆ ತೆತ್ತ ಹಣದಷ್ಟೇ ಬೆಲೆ ಅದನ್ನಿಡುವ ಜಾಗಕ್ಕೂ ಇದೆ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡ ಬಡಾವಣೆಗಳು. 1898ರ ಪ್ಲೇಗಿನ ಬಳಿಕ ಜನ ಪೇಟೆಯ ಇಕ್ಕಟ್ಟನ್ನು ಬಿಟ್ಟು ಇಲ್ಲಿಗೆ ಬಂದು ನೆಲೆಸಿದರು. ಗಾಳಿ ಬೆಳಕಿಗೆಂದು ಕಟ್ಟಿದ ಆ ಮನೆಗಳ ಚಾವಣಿ ಎತ್ತರ, ನೆಲ ಕೆಂಪು ಗಾರೆಯದು, ಗೋಡೆ ನುಣುಪಾದ ಸುಣ್ಣದ್ದು. ಇವೆಲ್ಲವೂ ಧ್ವನಿಯನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. ಹಳೆಯ ಮನೆಗಳು ಕೆಡವಲ್ಪಟ್ಟು ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿಯೂ ಹೊಳಪಿನ ಟೈಲ್ಸು, ಗಾಜಿನ ಕಿಟಕಿ, ಪರಿಣಾಮ ಒಂದೇ. ಒಂದು ಅಕ್ಷರದ ಮಾರ್ದನಿ ಮುಗಿಯುವ ಮೊದಲೇ ಇನ್ನೊಂದು ಅಕ್ಷರ ಬಂದು ಅದರ ಮೇಲೆ ಬೀಳುತ್ತದೆ.

ಇದಕ್ಕೆ ಪರಿಹಾರ ನಮ್ಮ ಮನೆಯ ಅಟ್ಟದ ಮೇಲೆಯೇ ಇದೆ. ನವಲಗುಂದದ ಜಮಖಾನವಿದ್ದರೆ ಕೇಳುವವರಿಗೂ ಪೆಟ್ಟಿಗೆಗೂ ನಡುವಿನ ನೆಲದ ಮೇಲೆ ಹಾಸಿರಿ. ಅಜ್ಜಿ ಹೊಲಿದ ಕೌದಿಯಿದ್ದರೆ ಪೆಟ್ಟಿಗೆಗಳ ಎದುರು ಗೋಡೆಗೆ ತೂಗುಹಾಕಿರಿ. ಕಿಟಕಿಗೆ ದಪ್ಪ ಪರದೆ ಬಿಡಿರಿ. ಏರುತಗ್ಗಾಗಿ ಪುಸ್ತಕಗಳನ್ನು ಜೋಡಿಸಿದ ಕಪಾಟು ಧ್ವನಿಯನ್ನು ಚದುರಿಸಿ ಮಾರ್ದನಿಯನ್ನು ಮೃದುಗೊಳಿಸುತ್ತದೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿರಿ. ಟಣ್ಣನೆಯ ಬಾಲವೊಂದು ಹಿಂಬಾಲಿಸಿದರೆ ಇನ್ನೂ ಬಟ್ಟೆ ಬೇಕು ಎಂದರ್ಥ.

ಮೂಲೆಯನ್ನು ದೂರವಿಡಬೇಕು. ಒಂದು ಗೋಡೆಯ ಪಕ್ಕದಲ್ಲಿಟ್ಟರೆ ಮಂದ್ರ ಹೆಚ್ಚುತ್ತದೆ. ಎರಡು ಗೋಡೆ ಸೇರುವ ಮೂಲೆಯಲ್ಲಿಟ್ಟರೆ ಇಮ್ಮಡಿಸಿ ಹೆಚ್ಚುತ್ತದೆ. ಹಿಂದಿನ ಗೋಡೆಯಿಂದ ಒಂದು ಅಡಿಯಾದರೂ, ಪಕ್ಕದ ಗೋಡೆಯಿಂದ ಎರಡು ಅಡಿಯಾದರೂ ಬಿಡಬೇಕು. ಕಪಾಟಿನಲ್ಲಿಯೇ ಇಡುವುದಾದರೆ ಪೆಟ್ಟಿಗೆಯ ಮುಖ ಹಲಗೆಯ ಅಂಚಿಗೆ ಬರುವಂತೆ ಮುಂದಕ್ಕೆ ತಂದು, ಕೆಳಗೆ ರಬ್ಬರ್ ಹಾಳೆಯ ತುಂಡುಗಳನ್ನಿಟ್ಟು, ಅಕ್ಕಪಕ್ಕದ ಖಾಲಿ ಜಾಗವನ್ನು ಪುಸ್ತಕಗಳಿಂದ ತುಂಬಿಸಿರಿ. ಹಲಗೆ ಅದುರಿದರೆ ಅದೂ ಒಂದು ಬೇಡದ ವಾದ್ಯವಾಗುತ್ತದೆ.

ಎತ್ತರದ ವಿಷಯದಲ್ಲಿ ಟ್ವೀಟರ್ ಕೇಳುವವರ ಕಿವಿಯ ಮಟ್ಟದಲ್ಲಿರಬೇಕು ಎಂಬುದೇ ನಿಯಮ. ಏಕೆಂದರೆ ತಾರಧ್ವನಿ ಟಾರ್ಚಿನ ಬೆಳಕಿನಂತೆ ನೇರವಾಗಿ ಸಾಗುತ್ತದೆ. ವಿದೇಶದ ಪುಸ್ತಕಗಳು ಕುರ್ಚಿಯ ಲೆಕ್ಕದಲ್ಲಿ ನೆಲದಿಂದ ಮೂರೂವರೆ ಅಡಿ ಎಂದು ಹೇಳುತ್ತವೆ. ಆದರೆ ನಮ್ಮಲ್ಲಿ ಜಮಖಾನದ ಮೇಲೆ ಕುಳಿತು ಕೇಳುವವರೇ ಹೆಚ್ಚು. ಆಗ ಕಿವಿ ಸುಮಾರು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಮಲ್ಲೇಶ್ವರದ ನೆಂಟರ ಮನೆಯ ಪೀಠಗಳು ಅಷ್ಟು ತಗ್ಗಾಗಿದ್ದುದರ ಗುಟ್ಟು ನಮಗೆ ತಿಳಿದದ್ದು ಆಗಲೇ. ಅವರ ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಕೂರುತ್ತಿದ್ದರು. ಕಪಾಟು ಎತ್ತರವಾಗಿದ್ದರೆ ಪೆಟ್ಟಿಗೆಯ ಹಿಂಭಾಗಕ್ಕೆ ಸಣ್ಣ ಮರದ ತುಂಡು ಕೊಟ್ಟು ಮುಖವನ್ನು ತುಸು ಕೆಳಕ್ಕೆ ಬಾಗಿಸಬಹುದು. ಜಾರಿ ಬೀಳದಂತೆ ಭದ್ರಪಡಿಸುವುದನ್ನು ಮಾತ್ರ ಮರೆಯಬಾರದು.

ಎರಡು ಪೆಟ್ಟಿಗೆಗಳ ನಡುವಿನ ಅಂತರ ಎಷ್ಟಿದೆಯೋ ಸರಿಸುಮಾರು ಅಷ್ಟೇ ಅಂತರದಲ್ಲಿ ಕೇಳುವವರು ಕುಳಿತರೆ ಮೂವರೂ ಸಮತ್ರಿಕೋನದ ಮೂರು ತುದಿಗಳಾಗುತ್ತಾರೆ. ಆರು ಅಡಿ ಅಂತರ ಸಾಮಾನ್ಯ ಪಡಸಾಲೆಗೆ ಹೊಂದುತ್ತದೆ. ಪೆಟ್ಟಿಗೆಗಳ ಮುಖವನ್ನು ಸ್ವಲ್ಪ ಒಳಕ್ಕೆ ತಿರುಗಿಸಿದರೆ ಗಾಯಕರು ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ಬಂದು ಕುಳಿತಂತೆ ಭಾಸವಾಗುತ್ತದೆ. ಹಾಗಾಗದೆ ಧ್ವನಿ ಎಲ್ಲೆಲ್ಲೋ ತೇಲುತ್ತಾ ಮಂದ್ರವೇ ಇಲ್ಲದಂತಿದ್ದರೆ ತಂತಿಗಳನ್ನು ಪರಿಶೀಲಿಸಿರಿ. ಕೆಂಪು ತುದಿ ಕೆಂಪಿಗೆ, ಕಪ್ಪು ಕಪ್ಪಿಗೆ ಎರಡೂ ಕಡೆ ಸೇರಿರಬೇಕು. ಒಂದು ಪೆಟ್ಟಿಗೆಯಲ್ಲಿ ಅದಲುಬದಲಾದರೆ ಒಂದು ತಳ್ಳುವಾಗ ಇನ್ನೊಂದು ಎಳೆದು ಧ್ವನಿ ತನ್ನನ್ನು ತಾನೇ ನುಂಗಿಕೊಳ್ಳುತ್ತದೆ. ತಂತಿಗೆ ಹೆಚ್ಚು ಹಣ ಸುರಿಯಬೇಕಿಲ್ಲ. ಒಂದೂವರೆ ಚದರ ಮಿಲಿಮೀಟರಿನ ಶುದ್ಧ ತಾಮ್ರದ ಬಹು ಎಳೆಗಳ ತಂತಿ ಐದು ಮೀಟರ್ ದೂರಕ್ಕೆ ಧಾರಾಳವಾಗಿ ಸಾಕು.

ದೂರದರ್ಶನಕ್ಕೆ ಜೋಡಿಸುವವರು ತಂತಿಯನ್ನೇ ಬಳಸುವುದು ಒಳ್ಳೆಯದು. ಬ್ಲೂಟೂತಿನಲ್ಲಿ ಧ್ವನಿ ಕೊಂಚ ತಡವಾಗಿ ಬಂದು ತುಟಿಗೂ ಮಾತಿಗೂ ಹೊಂದಿಕೆ ತಪ್ಪಬಹುದು. ಕಿವಿ ಮಂದವಾದವರು ತುಟಿಯ ಚಲನೆಯನ್ನೂ ನೋಡಿ ಮಾತನ್ನು ಗ್ರಹಿಸುತ್ತಾರೆ ಎಂಬುದನ್ನು ನೆನಪಿಡಬೇಕು. ಬರಿಯ ಹಾಡಿಗಾದರೆ ಬ್ಲೂಟೂತಿನಿಂದ ತೊಂದರೆಯಿಲ್ಲ.

ನೆರೆಹೊರೆ ಮತ್ತು ಕಿವಿಯ ಆರೋಗ್ಯ

ಒಬ್ಬರ ಶ್ರವಣ ಇನ್ನೊಬ್ಬರ ಉಪದ್ರವವಾಗಬಾರದು. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಆಚೆಗೆ ತೂರಿ ಹೋಗುವುದು ಮಾತಲ್ಲ, ಮಂದ್ರದ ಧಂಧಂ ಮಾತ್ರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಗಳಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್; ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಕಾನೂನಿಗೆ ಅಂಜಿ ಮಾತ್ರವಲ್ಲ, ಪಕ್ಕದ ಮನೆಯ ಪರೀಕ್ಷೆಯ ಮಗುವನ್ನೂ ಹಾಸಿಗೆ ಹಿಡಿದ ರೋಗಿಯನ್ನೂ ನೆನೆದು ಸದ್ದನ್ನು ತಗ್ಗಿಸಬೇಕು. ಹತ್ತಿರ ಕುಳಿತು ಮೆಲ್ಲಗೆ ಕೇಳುವುದೇ ಸಣ್ಣ ಪೆಟ್ಟಿಗೆಗಳ ಧರ್ಮ.

ಇನ್ನೊಂದು ಎಚ್ಚರಿಕೆ. ಒಳ್ಳೆಯ ಧ್ವನಿಪೆಟ್ಟಿಗೆ ಕಿವಿಯ ಔಷಧವಲ್ಲ. ಹಿರಿಯರು ಎದುರಿನ ಮಾತಿಗೂ "ಏನು?" ಎನ್ನತೊಡಗಿದರೆ ತಡಮಾಡದೆ ಕಿವಿಯ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹಿರಿದು. ನಮ್ಮ ತಾಯಿಯವರಿಗೂ ಪರೀಕ್ಷೆ ಮಾಡಿಸಿದೆವು. ವಯಸ್ಸಿಗೆ ಸಹಜವಾದ ಮಂದತೆ ಇದ್ದೇ ಇತ್ತು. ಆದರೆ ಶಾಂತವಾದ ಕೋಣೆಯಲ್ಲಿ ಸ್ಪಷ್ಟವಾದ ಮಾತನ್ನು ಹಿಡಿಯುವಷ್ಟು ಕಿವಿ ಅವರಿಗೆ ಉಳಿದಿದೆ ಎಂದು ವೈದ್ಯರು ತಿಳಿಸಿದರು.

ನಮ್ಮ ಪಡಸಾಲೆಯಲ್ಲಿ

ಮಲ್ಲೇಶ್ವರದಿಂದ ಮರಳಿದ ರಾತ್ರಿಯೇ ಹೊಸದನ್ನು ಕೊಳ್ಳಲು ನಾವು ಓಡಲಿಲ್ಲ. ಮೊದಲು ಇದ್ದುದನ್ನೇ ತಿದ್ದಿದೆವು. ದೊಡ್ಡ ವೂಫರನ್ನು ಮೂಲೆಯಿಂದ ಈಚೆಗೆ ತಂದು ಅದರ ಸದ್ದನ್ನು ಬಹುಪಾಲು ಇಳಿಸಿದೆವು. ಅಟ್ಟದ ಜಮಖಾನವನ್ನು ಹಾಸಿದೆವು. ಅರ್ಧದಷ್ಟು ದೋಷ ಅಷ್ಟರಿಂದಲೇ ಕಳೆಯಿತು. ಓದುಗರೂ ಹೊಸದಕ್ಕೆ ಹಣ ತೆರುವ ಮುನ್ನ ಇದನ್ನು ಮಾಡಿ ನೋಡಲಿ ಎಂಬುದು ನಮ್ಮ ವಿನಂತಿ. ಉಳಿದರ್ಧ ಆ ಪುಟ್ಟ ಪೆಟ್ಟಿಗೆಗಳ ಕಳಪೆ ಧ್ವನಿಯಿಂದಾದುದು. ಅದನ್ನು ಜಾಗ ಬದಲಿಸಿ ಸರಿಪಡಿಸಲಾಗಲಿಲ್ಲ. ಮುಂದಿನ ತಿಂಗಳು, ಅವ್ವನನ್ನೇ ಜೊತೆಯಲ್ಲಿ ಕರೆದೊಯ್ದು, ಐದು ಇಂಚಿನ ವೂಫರಿನ ಸಾಧಾರಣ ಬೆಲೆಯ ಜೋಡಿಯೊಂದನ್ನು ಕೊಂಡೆವು. ಮೂರು ಜೋಡಿಗಳನ್ನು ಕೇಳಿ, ಎರಡಕ್ಕೆ ಬೇಡವೆಂದು ಕೈಯಾಡಿಸಿ, ಮೂರನೆಯದಕ್ಕೆ "ಇದು ಮಾತಾಡುತ್ತೆ" ಎಂದವರು ಅವರೇ. ಮೊದಲಿನ ಸೆಟ್ಟಿಗೆ ತೆತ್ತಿದ್ದುದರಲ್ಲಿ ಅರ್ಧಕ್ಕಿಂತ ಕಡಿಮೆ ಹಣ ಸಾಕಾಯಿತು. ಮಗನು ನೊಂದುಕೊಳ್ಳಬಾರದೆಂದು, "ನೀನು ಅಜ್ಜಿಗೆ ಸದ್ದು ಕೊಟ್ಟೆ, ಈಗ ಮಾತು ಕೊಟ್ಟೆ" ಎಂದೆವು. ಪೀಠಗಳನ್ನು ಅವನೇ ಅಳೆದು ಬಡಗಿಯಿಂದ ಮಾಡಿಸಿದನು. ಅಳತೆ ಅಜ್ಜಿಯ ಕಿವಿಯದು.

ಅನಂತರ ಹದಿನಾಲ್ಕು ತಿಂಗಳು, ಒಂದೆರಡು ಸೋಮವಾರಗಳನ್ನು ಬಿಟ್ಟರೆ, ಅವರು ತಪ್ಪದೆ ಅದೇ ಜಾಗದಲ್ಲಿ ಕುಳಿತು ಕೇಳಿದರು. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡುನಡುವೆ ನಿಲ್ಲಿಸಿ ಅರ್ಥ ಹೇಳುತ್ತಿದ್ದರು. ನಾವು ಮಠದಲ್ಲಿ ವರ್ಷಗಟ್ಟಲೆ ಓದಿಯೂ ಗಮನಿಸದಿದ್ದ ಎಷ್ಟೋ ನುಡಿಗಳ ಒಳದನಿಯನ್ನು ಅವರ ಬಾಯಿಂದ ಆ ಸಂಜೆಗಳಲ್ಲಿ ಕೇಳಿದೆವು. ಆಮೇಲೆ ಅವರು ಲಿಂಗೈಕ್ಯರಾದರು.

ಇಂದಿಗೂ ನಮ್ಮನ್ನು ಬಾಧಿಸುವುದು ಆ ನಾಲ್ಕು ತಿಂಗಳು. ಅಷ್ಟೂ ಸೋಮವಾರಗಳಂದು ಅವರು ತಮ್ಮ ಕೋಣೆಯಲ್ಲಿ ಗೋಡೆಯ ಕಡೆಗೆ ತಿರುಗಿ ಮಲಗಿದ್ದರು; ನಾವು ಪಡಸಾಲೆಯಲ್ಲಿ ಕುಳಿತು ಯಂತ್ರವನ್ನು ಕೊಂಡಾಡುತ್ತಿದ್ದೆವು. ಮಾತು ತಿಳಿಯುವುದಿಲ್ಲ ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು. ಅಂದು ಕಿವಿ ಮಂದವಾಗಿದ್ದುದು ನಮಗೆ.

ಆದುದರಿಂದ ಬಂಧುಗಳೇ, ನಿಮ್ಮ ಮನೆಯ ಹಿರಿಯರು ಪಡಸಾಲೆಯಿಂದ ಎದ್ದು ಹೋಗುತ್ತಿದ್ದರೆ ಅವರ ವಯಸ್ಸನ್ನು ದೂರುವ ಮೊದಲು ಪೆಟ್ಟಿಗೆಯನ್ನು ಮೂಲೆಯಿಂದ ಒಂದು ಅಡಿ ಈಚೆಗೆ ಸರಿಸಿ ನೋಡಿರಿ. ನೆಲಕ್ಕೆ ಒಂದು ಜಮಖಾನ ಹಾಸಿರಿ. ಸದ್ದನ್ನು ತಗ್ಗಿಸಿ, ಅವರ ಪಕ್ಕದಲ್ಲಿ ಕುಳಿತು, "ಈಗ ತಿಳಿಯುತ್ತದೆಯೇ?" ಎಂದು ಕೇಳಿರಿ. ಅವರ ಉತ್ತರವನ್ನು ಕಿವಿಗೊಟ್ಟು ಆಲಿಸಿರಿ.